ಗುಂಡಿಯಿಂದ ಕಾಣುವ ಟೀವಿ

ನಮ್ಮಪ್ಪ ಟೀವಿ ಅಂಗಡಿಯಲ್ಲಿ ನೆಲದ ಮೇಲೆ ಕೂತುಬಿಟ್ಟ.

ಚಳ್ಳಕೆರೆಯ ದೊಡ್ಡ ಅಂಗಡಿ ಅದು. ಒಳಗೆ ಎಸಿ. ಚಪ್ಪಲಿ ಬಿಟ್ಟು ಹೋಗಬೇಕೇನೋ ಅನ್ನುವಷ್ಟು ನುಣ್ಣನೆಯ ನೆಲ. ಗೋಡೆ ತುಂಬ ಟೀವಿ. ಅವುಗಳ ನಡುವೆ, ಎಪ್ಪತ್ತು ದಾಟಿದ ನಮ್ಮಪ್ಪ ಬಿಳಿ ಪಂಚೆ ಸರಿಮಾಡಿಕೊಂಡು, ಐವತ್ತೈದು ಇಂಚಿನ ಒಂದು ಟೀವಿಯ ಪಕ್ಕಕ್ಕೆ ಸರಿದು, ಕಾಲು ಮುಂದಕ್ಕೆ ಚಾಚಿ ಕೂತ. ಸೇಲ್ಸ್‌ಮನ್‌ ಗಾಬರಿಯಾದ. ಶುಗರ್ ಡೌನ್ ಆಯ್ತಾ ಮೇಡಂ ಅಂತ ನನ್ನನ್ನು ಕೇಳಿದ. ಗ್ಲೂಕೋಸ್ ತರಿಸಲು ಓಡಿದ.

(ಅಪ್ಪನಿಗೆ ಏಕವಚನವೇ ಅಂತ ಹುಬ್ಬೇರಿಸಬೇಡಿ. ನಮ್ಮ ಕಡೆ ಅಪ್ಪನಿಗೆ ಬಹುವಚನ ಹಚ್ಚಿದರೆ ಮುನಿಸಿಕೊಂಡಿದ್ದೀವಿ ಅಂತ ಅರ್ಥ.)

ಶುಗರ್ ಡೌನ್ ಆಗಿರಲಿಲ್ಲ. ಅಪ್ಪ ಟೀವಿ ಪರೀಕ್ಷೆ ಮಾಡುತ್ತಿದ್ದ. ಅದೆಂಥ ಪರೀಕ್ಷೆ ಅಂತ ಗೊತ್ತಾಗಬೇಕಾದರೆ ಮೊಳಕಾಲ್ಮೂರಿನ ನಮ್ಮ ಮನೆ ನಿಮಗೆ ಗೊತ್ತಿರಬೇಕು.

ನಮ್ಮದು ನೇಕಾರರ ಮನೆ. ಬಾಗಿಲು ದಾಟಿದರೆ ನಡುಮನೆ, ನಡುಮನೆ ತುಂಬ ಮಗ್ಗ. ಗುಂಡಿ ಮಗ್ಗ ಅಂದರೆ ನೆಲದಲ್ಲಿ ಒಂದು ಗುಂಡಿ ತೋಡಿರುತ್ತಾರೆ. ನೇಯುವವನು ಅದರ ಅಂಚಿನ ಮೇಲೆ ಕೂತು ಕಾಲನ್ನು ಒಳಗೆ ಇಳಿಬಿಟ್ಟು ತುಳಿಯುತ್ತಾನೆ. ಎದುರಿಗೆ ರೇಷ್ಮೆ ಎಳೆಗಳು ಹಾಸಿರುತ್ತವೆ. ಅಪ್ಪನ ಲೋಕವೆಲ್ಲ ನೆಲದಿಂದ ಎರಡಡಿ ಎತ್ತರದಲ್ಲೇ ನಡೆದದ್ದು. ಮನೆಗೆ ಯಾರೇ ಬಂದರೂ ಅಪ್ಪನಿಗೆ ಮೊದಲು ಕಾಣುತ್ತಿದ್ದದ್ದು ಅವರ ಮೊಣಕಾಲು. ಮೊಣಕಾಲು ನೋಡಿಯೇ ಬಾರಪ್ಪ ತಿಪ್ಪೇಶ ಅಂತ ಹೆಸರು ಹಿಡಿದು ಕರೆಯುತ್ತಿದ್ದ.

ಆ ಮನೆಗೆ ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಮೊದಲ ಟೀವಿ ಬಂತು. ಕಪ್ಪು ಬಿಳುಪು. ಮರದ ಡಬ್ಬಿ, ಎಳೆದು ಮುಚ್ಚುವ ಬಾಗಿಲು. ಪರದೆಯ ಮುಂದೆ, ಮೇಲ್ಗಡೆ ನೀಲಿ, ನಡುವೆ ಕೆಂಪು, ಕೆಳಗೆ ಹಸಿರು ಇದ್ದ ಒಂದು ಪ್ಲಾಸ್ಟಿಕ್ ಹಾಳೆ ಕಟ್ಟಿದ್ದೆವು. ಅದನ್ನೇ ಕಲರ್ ಟೀವಿ ಅಂತ ಕರೆಯುತ್ತಿದ್ದೆವು. ಹೀರೋನ ತಲೆ ನೀಲಿ, ಹೊಟ್ಟೆ ಕೆಂಪು. ಯಾರಾದರೂ ದೂರು ಹೇಳಿದರಾ? ಒಬ್ಬರೂ ಇಲ್ಲ!

ಟೀವಿ ಇಟ್ಟದ್ದು ಎಲ್ಲಿ ಅಂತೀರಿ? ಮಗ್ಗದ ಎಡಕ್ಕೆ, ಗಿಡ್ಡ ಮಣೆಯ ಮೇಲೆ, ಅಪ್ಪನ ಕಡೆಗೆ ಮುಖ ತಿರುಗಿಸಿ. ಅಪ್ಪ ಕತ್ತು ಎಡಕ್ಕೆ ಹೊರಳಿಸಿದರೆ ನೆಟ್ಟಗೆ ಕಾಣಬೇಕು. ಮಿಕ್ಕವರು ಸಿಕ್ಕ ಸಿಕ್ಕಲ್ಲಿ ಕೂತು ಓರೆಯಾಗಿ ನೋಡಬೇಕು. ಅವ್ವ ಅಡುಗೆಮನೆ ಹೊಸ್ತಿಲ ಮೇಲೆ, ಒಂದು ಕಣ್ಣು ಒಲೆಯ ಮೇಲಿನ ಮುದ್ದೆಗೆ, ಇನ್ನೊಂದು ಟೀವಿಗೆ. ಅವ್ವ ತೀರಿಹೋಗುವವರೆಗೂ ಒಂದು ಸಿನಿಮಾವನ್ನೂ ಎರಡು ಕಣ್ಣಲ್ಲಿ ನೋಡಲಿಲ್ಲ.

ಭಾನುವಾರ ಸಂಜೆ ಬಂತೆಂದರೆ ಇಡೀ ಬೀದಿ ನಮ್ಮ ನಡುಮನೆಯಲ್ಲಿ. ಕಿಟಕಿಯಲ್ಲಿ ತಲೆಗಳು. ಬಾಗಿಲಲ್ಲಿ ತಲೆಗಳು. ಆಂಟೆನಾ ತಿರುಗಿಸಲು ಮಾಳಿಗೆಯ ಮೇಲೆ ದಸ್ತಗೀರ. ರೇಡಿಯೋ ರಿಪೇರಿ ಕಲಿತಿದ್ದ, ನಮ್ಮ ಹಿಂದಿನ ಬೀದಿಯವನು. ಜಟಿಂಗ ರಾಮೇಶ್ವರದ ಗುಡ್ಡದ ಕಡೆ ತಿರುಗಿಸು ಅಂತ ಕೆಳಗಿನಿಂದ ಕೆಲವರು ಕನ್ನಡದಲ್ಲಿ, ಕೆಲವರು ತೆಲುಗಿನಲ್ಲಿ ಕೂಗೋರು. ಬಂತಾ, ಬಂತಾ ಅಂತ ಅವನು ಮೇಲಿನಿಂದ ಉರ್ದುವಿನಲ್ಲಿ ಕೇಳೋನು. ಚಿತ್ರ ಬಂದಾಗ ಮಾತ್ರ ಎಲ್ಲರದೂ ಒಂದೇ ಭಾಷೆ, ಹೋ!

ಸಿನಿಮಾ ಶುರುವಾಯಿತೋ, ಅಪ್ಪ ಎಳೆಗಳ ನಡುವೆ ಅತ್ತಿತ್ತ ಓಡುವ ಲಾಳಿಯನ್ನು ಮೆಲ್ಲಗೆ ಸೀರೆಯ ಮೇಲೆ ಇಟ್ಟುಬಿಡುತ್ತಿದ್ದ. ಮಗ್ಗದ ಸದ್ದಿನಲ್ಲಿ ಡೈಲಾಗ್ ಎಲ್ಲಿ ಕೇಳಿಸುತ್ತೆ? ನಿಲ್ಲಿಸು ಅಂತ ಯಾರೂ ಹೇಳುತ್ತಿರಲಿಲ್ಲ. ಅಪ್ಪನೇ ಮಾಡಿಕೊಂಡ ಕಟ್ಟುಪಾಡು ಅದು. ಮನೆಗೆ ಬಂದವರು ನೋಡುತ್ತಿರುವಾಗ ಲಾಳಿ ಹೊಡೆಯುವುದು ಅವರನ್ನು ಎದ್ದುಹೋಗಿ ಅಂದ ಹಾಗೆ ಅಂತ ಅವನ ಲೆಕ್ಕ. ಗುಂಡಿಯಲ್ಲೇ ಕೂತು ನೋಡುತ್ತಿದ್ದ. ಸಿನಿಮಾ ಮುಗಿದು, ಕೊನೆಯವರು ಚಪ್ಪಲಿ ಹುಡುಕಿಕೊಂಡು ಹೊರಟ ಮೇಲೆಯೇ ಮತ್ತೆ ಟಕಾ ಟಕ್, ಟಕಾ ಟಕ್.

ಒಂದೇ ಒಂದು ವಿನಾಯಿತಿ ಇತ್ತು. ಕರೆಂಟ್ ಹೋದಾಗ.

ಕರೆಂಟಂತೂ ಹೋಗಿಯೇ ಹೋಗುತ್ತಿತ್ತು. ಸರಿಯಾಗಿ ಹೀರೋಯಿನ್ನಿನ ಮದುವೆ ಬೇರೆಯವನ ಜತೆ ಗೊತ್ತಾಗುವ ಹೊತ್ತಿಗೇ! ಅಯ್ಯೋ ಅಂತ ಬೀದಿಯಷ್ಟೂ ಒಟ್ಟಿಗೆ ಉಸಿರು ಬಿಡುತ್ತಿತ್ತು. ಅವ್ವ ಬುಡ್ಡಿ ಹಚ್ಚಿ ತರುವುದರೊಳಗೆ ಕತ್ತಲಲ್ಲಿ ಮಗ್ಗ ಶುರುವಾಗುತ್ತಿತ್ತು. ಅದಕ್ಕೆಲ್ಲಿಯ ಕರೆಂಟು? ಬರೀ ಓಡಿಸುವುದಷ್ಟೇ ಅಲ್ಲ, ಅಪ್ಪ ಕಥೆ ಮುಂದುವರಿಸುತ್ತಿದ್ದ. ಆ ಮದುವೆ ಗಂಡಿಗೆ ಮೊದಲೇ ಒಂದು ಸಂಸಾರ ಐತೆ, ಅವಳು ಮಗೂನ ಎತ್ಕೊಂಡು ಮಂಟಪಕ್ಕೆ ಬರ್ತಾಳೆ ನೋಡ್ರಿ ಅಂತ ಹೇಳುತ್ತಿದ್ದ. ಕರೆಂಟ್ ಬಂದ ಮೇಲೆ ನೋಡಿದರೆ ಅದ್ಯಾವುದೂ ಇರುತ್ತಿರಲಿಲ್ಲ. ಅಪ್ಪನ ಕಥೆ ಒಂದು ಸಲವೂ ಸರಿಹೋಗಲಿಲ್ಲ. ಆದರೂ ಎಷ್ಟೋ ಸಲ, ಅಪ್ಪ ಹೇಳಿದ್ದೇ ಚೆನ್ನಾಗಿತ್ತು ಅಂತ ಜನ ಮಾತಾಡಿಕೊಂಡು ಹೋಗುತ್ತಿದ್ದರು.

ಈಗ ಹೇಳಿ, ಇಂಥ ಸಂಜೆ ಯಾರಿಗೆ ಬೇಡ?

ನನ್ನ ತಮ್ಮ ಮಂಜನಿಗೂ ಅದೇ ಬೇಕಾಗಿತ್ತು. ಅಪ್ಪನ ಜತೆ ಅದೇ ಮನೆಯಲ್ಲಿರುವವನು ಅವನು, ಹೆಂಡತಿ ಸುಧಾ, ಇಬ್ಬರು ಮಕ್ಕಳು. ಊರಲ್ಲೇ ಜೆರಾಕ್ಸ್ ಅಂಗಡಿ. ನಾನಿರುವುದು ಚಳ್ಳಕೆರೆಯಲ್ಲಿ, ಹೈಸ್ಕೂಲ್ ಟೀಚರಮ್ಮ. ಹಿಂದಿನ ತಿಂಗಳು ಮಂಜ ಫೋನ್ ಮಾಡಿದ. ಮನೇಲಿ ನಾಲ್ಕು ಜನ ನಾಲ್ಕು ಮೂಲೇಲಿ ನಾಲ್ಕು ಮೊಬೈಲ್ ಹಿಡ್ಕೊಂಡು ಕೂತಿರ್ತೀವಿ, ಅಪ್ಪ ಒಬ್ನೇ ಮಗ್ಗದ ಜತೆ ಮಾತಾಡ್ಕೊಂಡಿರ್ತಾನೆ ಅಂದ.

"ಅಕ್ಕಾ, ಒಂದು ದೊಡ್ಡ ಸ್ಮಾರ್ಟ್ ಟೀವಿ ತರೋಣ. ನಾವು ಚಿಕ್ಕೋರಿದ್ದಾಗ ಹೆಂಗೆ ಕೂರ್ತಿದ್ವಿ, ಹಂಗೆ ಒಂದ್ಸಲನಾದ್ರೂ ಎಲ್ರೂ ಒಟ್ಟಿಗೆ ಕೂರ್ಬೇಕು ಕಣಕ್ಕಾ."

ಅಷ್ಟು ಸಾಕಾಯಿತು ನನಗೆ. ಎರಡು ವಾರ ನಾನು ಪಾಠ ಬಿಟ್ಟು ಟೀವಿ ಓದಿದೆ. ಎಲ್‌ಇಡಿ, ಕ್ಯೂಎಲ್‌ಇಡಿ, ಓಎಲ್‌ಇಡಿ. ಫೋರ್ ಕೆ. ಇಷ್ಟು ಹರ್ಟ್ಸ್, ಅಷ್ಟು ವ್ಯಾಟ್. ಯೂಟ್ಯೂಬಿನಲ್ಲಿ ಒಬ್ಬ ಈ ಟೀವಿ ಬಿಟ್ಟರೆ ಬೇರೆ ಇಲ್ಲ ಅಂತಾನೆ. ಮುಂದಿನ ವಿಡಿಯೋದಲ್ಲಿ ಅವನೇ ಇದನ್ನು ಮಾತ್ರ ಕೊಳ್ಳಬೇಡಿ ಅಂತಾನೆ. ಗಂಡು ನೋಡುವಾಗಲೂ ನಮ್ಮ ಮನೆಯವರು ಇಷ್ಟು ವಿಚಾರಿಸಿರಲಿಲ್ಲ. (ವಿಚಾರಿಸಿದ್ದರೆ ನನ್ನ ಕಥೆಯೇ ಬೇರೆ ಆಗುತ್ತಿತ್ತು, ಇರಲಿ.)

ಭಾನುವಾರ ಮಂಜ ಅಪ್ಪನನ್ನು ಕರೆದುಕೊಂಡು ಚಳ್ಳಕೆರೆಗೆ ಬಂದ. ಮೂವರೂ ಅಂಗಡಿಗೆ ಹೋದೆವು. ಅಲ್ಲಿ ನೋಡಿದರೆ ನಾನು ಓದಿದ್ದೆಲ್ಲ ನೀರಿಗೆ ಹೋಯಿತು. ಗೋಡೆಯ ಮೇಲೆ ಇಪ್ಪತ್ತು ಟೀವಿ, ಇಪ್ಪತ್ತರಲ್ಲೂ ಅದೇ ಜಲಪಾತ, ಅದೇ ಗಿಳಿ, ಅದೇ ಕೊಯ್ದ ದಾಳಿಂಬೆ. ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಅಲ್ಲಾ, ಟೀವಿ ಅಂಗಡಿಯವರು ಅತ್ತೆ ಸೊಸೆ ಕಿತ್ತಾಡುವ ಸೀರಿಯಲ್ ಹಾಕಿ ಯಾಕೆ ತೋರಿಸುವುದಿಲ್ಲ? ಮನೆಗೆ ಹೋದ ಮೇಲೆ ನಾವು ನೋಡುವುದು ಅದನ್ನೇ ತಾನೆ? ದಾಳಿಂಬೆ ನೋಡಿ ಟೀವಿ ಕೊಳ್ಳುವುದು ಯಾವ ನ್ಯಾಯ?

ಅಷ್ಟರಲ್ಲಿ ಅಪ್ಪನ ಜಗಳ ಶುರುವಾಗಿತ್ತು. ಸೇಲ್ಸ್‌ಮನ್‌ ಐವತ್ತೈದು ಇಂಚು ಅಂದನಲ್ಲ, ಅಪ್ಪ ಜೇಬಿನಿಂದ ತನ್ನ ಟೇಪು ತೆಗೆದು ಟೀವಿಯ ಅಗಲ ಅಳೆದ. ನಲವತ್ತೆಂಟು. ಮತ್ತೆ ಅಳೆದ. ನಲವತ್ತೆಂಟೇ. ಏಳು ಇಂಚು ಎಲ್ಲಿ ನುಂಗಿದಿರಿ ಅಂತ ಕೇಳಿದ. ಆ ಹುಡುಗ ಪಾಪ, ಟೀವಿಯನ್ನು ಅಗಲಕ್ಕೆ ಅಳೆಯುವುದಿಲ್ಲ, ಈ ಮೂಲೆಯಿಂದ ಆ ಮೂಲೆಗೆ ಅಳೆಯುತ್ತಾರೆ ಅಂತ ಬೆರಳಲ್ಲಿ ಗೆರೆ ಎಳೆದು ತೋರಿಸಿದ. ಅಪ್ಪ ಒಪ್ಪಲಿಲ್ಲ.

"ನಾನು ಹಂಗೆ ಸೀರೆನ ಮೂಲೆಯಿಂದ ಮೂಲೆಗೆ ಅಳೆದು ಮಾರಿದ್ರೆ ನಮ್ಮ ಮಾಲೀಕ ಸುಮ್ನಿರ್ತಿದ್ನೇನಪ್ಪಾ?"

ಆಮೇಲೆ ತಾನೇ ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡ. ನಲವತ್ತೆಂಟು ಅಂದರೆ ಒಂದು ಸೀರೆಯ ಅಗಲ. ಪರವಾಗಿಲ್ಲ, ಸೀರೆಯಷ್ಟು ಅಗಲದ ಚಿತ್ರ ಅಂದರೆ ದೊಡ್ಡದೇ ಅಂದ. ಸೇಲ್ಸ್‌ಮನ್‌ಗೆ ಹೋದ ಜೀವ ಬಂದಂತಾಯಿತು. ಆ ಹುರುಪಿನಲ್ಲೇ ಮುಂದಿನ ಪ್ರಶ್ನೆ ಕೇಳಿದ. ನೀವು ಕೂರುವುದು ಟೀವಿಯಿಂದ ಎಷ್ಟು ಅಡಿ ದೂರ ಸರ್? ಐದೇ ಅಡಿ ಅಂದ್ರೆ ನಲವತ್ತಮೂರು ಇಂಚು ತಗೊಳ್ಳಿ. ಈ ಸೈಜು ಬೇಕಂದ್ರೆ ಒಳ್ಳೆ ಜಾಗ ಇರ್ಬೇಕು.

ಮಂಜ ತಡವರಿಸಲಿಲ್ಲ. "ಈಗ ಐದಡಿ ಅಷ್ಟೇ ಐತೆ. ಮಗ್ಗ ತೆಗೆಸ್ತೀವಿ, ಆಗ ಹನ್ನೆರಡಡಿ ಆಗ್ತೈತೆ."

ನಾನು ಅಪ್ಪನ ಮುಖ ನೋಡಿದೆ. ಈ ವಿಷಯ ಅಪ್ಪನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಮಂಜ ಕೆಟ್ಟವನಲ್ಲ. ಅಪ್ಪನಿಗೆ ವಯಸ್ಸಾಯಿತು, ಮಂಡಿ ನೋವು, ತಿಂಗಳಿಗೊಂದು ಸೀರೆ ಇಳಿದರೆ ಹೆಚ್ಚು, ಇನ್ನು ಆರಾಮಾಗಿರಲಿ ಅಂತ ಅವನ ಮನಸ್ಸು. ಅಪ್ಪನ ಎದುರು ಹೇಳಲು ಬಾಯಿ ಬರದೆ ಮುಂದಕ್ಕೆ ಹಾಕಿಕೊಂಡು ಬಂದಿದ್ದ. ಕೊನೆಗೆ ಅದು ಬಾಯಿಂದ ಬಿದ್ದದ್ದು ಟೀವಿ ಅಂಗಡಿಯಲ್ಲಿ, ಯಾರೋ ಕೇಳಿದ ಅಡಿ ಇಂಚಿನ ಲೆಕ್ಕಕ್ಕೆ ಉತ್ತರವಾಗಿ. ಆದರೆ ಮಗ್ಗ ಇಲ್ಲದ ಅಪ್ಪ ಬೆಳಿಗ್ಗೆ ಎದ್ದು ಎಲ್ಲಿ ಕೂರಬೇಕು? ಕೈ ಎಲ್ಲಿಡಬೇಕು?

ಅಪ್ಪ ಕೂಗಾಡಲಿಲ್ಲ. ಟೀವಿಯ ಬಲಕ್ಕೆ ಹೋದ, ಅಲ್ಲಿಂದ ಐದಡಿ ಹಿಂದೆ ಸರಿದ, ಕೂತ. ನಾನು ಶುರುವಿನಲ್ಲಿ ಹೇಳಿದೆನಲ್ಲ, ಆ ಕೂತದ್ದು. ಕತ್ತು ಎಡಕ್ಕೆ ಹೊರಳಿಸಿ ಟೀವಿ ನೋಡಿದ. ತೊಡೆಯ ಮೇಲಿದ್ದ ಕೈ ತಂತಾನೇ ಲಾಳಿ ಹಿಡಿದ ಹಾಗೆ ಮಡಚಿಕೊಂಡಿತು. ಜಲಪಾತ ಹೋಗಿ ಗಿಳಿ ಬಂತು, ಗಿಳಿ ಹೋಗಿ ದಾಳಿಂಬೆ ಬಂತು. ಗ್ಲೂಕೋಸಿನ ಲೋಟ ಹಿಡಿದು ಸೇಲ್ಸ್‌ಮನ್‌ ಪಕ್ಕದಲ್ಲಿ ನಿಂತೇ ಇದ್ದ.

"ಇಲ್ಲಿಂದ ಚೆನ್ನಾಗೇ ಕಾಣ್ತೈತೆ. ಇದೇ ಇರ್ಲಿ, ಈ ದೊಡ್ಡದೇ. ಮಗ್ಗ ಎಲ್ಲಿಗೂ ಹೋಗಲ್ಲ ಮಂಜ."

ಇಷ್ಟೇ ಹೇಳಿದ್ದು. ಹತ್ತಿರದಿಂದ ನೋಡಿದರೆ ಕಣ್ಣು ಹಾಳಾಗುತ್ತೆ ಅಂತ ಮಂಜ ಏನೋ ಹೇಳಲು ಹೋದ. ಒಂದು ಗೇಣು ದೂರದಲ್ಲಿ ಕೂದಲಿನಂಥ ಎಳೆ ನೋಡಿಕೊಂಡು ಮುದುಕನಾದವನಿಗೆ ಈ ಮಾತಾ? ಆಡುವಾಗಲೇ ಅವನಿಗೂ ಗೊತ್ತಾಯಿತು, ನಡುವೆಯೇ ಬಿಟ್ಟ. ಆಮೇಲೆ ಅಪ್ಪ, ತಂದದ್ದು ಹಾಳಾಗಬಾರದಲ್ಲ ಅಂತ ಆ ಗ್ಲೂಕೋಸನ್ನೂ ಕುಡಿದ.

ಟೀವಿ ಪಿಕಪ್ಪಿನಲ್ಲಿ ಹೊರಟಿತು, ಜತೆಗೆ ನಾವೂ. ಬಿ.ಜಿ. ಕೆರೆಯಲ್ಲಿ ಟೀ ಕುಡಿಯಲು ನಿಂತಾಗ ಮಂಜ ಅಪ್ಪನಿಗೆ ಬಿಸ್ಕತ್ತು ತಂದುಕೊಟ್ಟ. ಅಪ್ಪ ಅರ್ಧ ಮುರಿದು ಅವನಿಗೇ ಕೊಟ್ಟ. ನಮ್ಮ ಮನೆಯಲ್ಲಿ ರಾಜಿ ಆಗುವುದು ಹೀಗೆ, ಬಾಯಿ ಬಿಡುವ ಪದ್ಧತಿಯಿಲ್ಲ. ಅದು ಗುಣವೋ ರೋಗವೋ ನನಗೆ ಈಗಲೂ ತಿಳಿಯದು.

ಟೀವಿಯನ್ನು ಗೋಡೆಗೆ ಹೊಡೆಯಲು ಬಂದವನು ಯಾರು ಗೊತ್ತೆ? ಅದೇ ದಸ್ತಗೀರ! ಗಡ್ಡ ಬೆಳ್ಳಗಾಗಿದೆ. ಈಗ ಡಿಶ್, ಸಿಸಿಟೀವಿ, ಟೀವಿ ಫಿಟ್ಟಿಂಗ್ ಎಲ್ಲ ಅವನದೇ. ಕಂಪ್ನಿ ಹೇಳೋದು ಒಂದೆತ್ತರ, ನೀವು ಹೇಳೋದು ಒಂದೆತ್ತರ, ಇಷ್ಟು ಕೆಳಗೆ ಹೊಡೆದ್ರೆ ಬೆಕ್ಕು ಬಂದು ಒರಗುತ್ತೆ ಯಜಮಾನ್ರೇ ಅಂದ. ಅಪ್ಪ ಗುಂಡಿಯಲ್ಲಿ ಕೂತು, ಇನ್ನೂ ಇಳಿಸು, ಇನ್ನೂ ಇಳಿಸು ಅಂತ ಅಲ್ಲಿಂದಲೇ ಕೈ ತೋರಿಸುತ್ತಿದ್ದ. ಕೊನೆಗೆ ನೆಲದಿಂದ ಎರಡಡಿಗೆ ನಿಂತಿತು ನಮ್ಮ ಫೋರ್ ಕೆ. ಸುಧಾ ಹೊಸದಾಗಿ ತರಿಸಿದ್ದ ಸೋಫಾದ ಮೇಲೆ ಕೂತರೆ ಟೀವಿ ನೋಡುವುದು ಬಾವಿಯೊಳಗೆ ಇಣುಕಿದ ಹಾಗಿತ್ತು. ಹಾಗಾಗಿ ಎಲ್ಲರೂ ನೆಲಕ್ಕೆ ಇಳಿದೆವು.

ಆ ಸಂಜೆ ಒಟ್ಟಿಗೆ ಒಂದು ಸಿನಿಮಾ ನೋಡಿದೆವು. ಮಗ್ಗದ ಪಕ್ಕದ ಐದಡಿ ಜಾಗದಲ್ಲಿ ಚಾಪೆ ಹಾಸಿಕೊಂಡು, ಒಬ್ಬರ ಮೊಣಕಾಲು ಇನ್ನೊಬ್ಬರ ಬೆನ್ನಿಗೆ. ಮಕ್ಕಳು ಮೊಬೈಲ್ ಕೆಳಗಿಟ್ಟರು. ದಸ್ತಗೀರನೂ ಬಾಗಿಲ ಹತ್ತಿರ ಕೂತ. ಅಪ್ಪ ಲಾಳಿಯನ್ನು ಸೀರೆಯ ಮೇಲೆ ಇಟ್ಟುಕೊಂಡು ಗುಂಡಿಯಲ್ಲಿ. ಅಡುಗೆಮನೆ ಹೊಸ್ತಿಲ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಸಿನಿಮಾ ನಡುವೆ ಮಂಜ ನನ್ನ ಕಿವಿಯಲ್ಲಿ, ಒಂದ್ಸಲ ಕರೆಂಟ್ ಹೋಗ್ಬಾರ್ದಾ ಅಕ್ಕ ಅಂದ. ಯುಪಿಎಸ್ ಹಾಕಿಸಿದ್ದೀಯಲ್ಲೋ ಅಂದೆ. ಇಬ್ಬರೂ ನಕ್ಕೆವು, ಇಬ್ಬರ ಕಣ್ಣೂ ಒದ್ದೆಯಾಗಿತ್ತು. ಮಗ್ಗವೂ ಉಳಿಯಿತು, ಟೀವಿಯೂ ಬಂತು. ನಾನು ಗೆದ್ದವಳ ಹಾಗೆ ಬಸ್ಸು ಹತ್ತಿದೆ.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ.

ಮೊನ್ನೆ ಸ್ಕೂಲಿಗೆ ರಜೆ ಸಿಕ್ಕಿತು ಅಂತ ಹೇಳದೆ ಕೇಳದೆ ಊರಿಗೆ ಹೋದೆ. ನಮ್ಮ ಬೀದಿಯಲ್ಲಿ ಈಗ ಮಗ್ಗಗಳು ಕಡಿಮೆ. ತಿರುವಿನಲ್ಲೇ ನಮ್ಮ ಮಗ್ಗದ ಸದ್ದು ಕೇಳಿಸುತ್ತದೆ, ಅಪ್ಪ ಚೆನ್ನಾಗಿದ್ದಾನೆ ಅಂತ ಅದರಿಂದಲೇ ನನಗೆ ಗೊತ್ತಾಗುವುದು. ಅವತ್ತು ಸದ್ದಿಲ್ಲ. ಕಾಲು ಓಡತೊಡಗಿತು.

ಒಳಗೆ ಹೋದರೆ ಅಪ್ಪ ಗುಂಡಿಯಲ್ಲೇ ಕೂತಿದ್ದಾನೆ. ಲಾಳಿ ಸೀರೆಯ ಮೇಲಿದೆ. ಕೈ ಮಡಿಲಲ್ಲಿ. ಟೀವಿಯಲ್ಲಿ ಯಾವುದೋ ದೇಶದವನು ಯಾವುದೋ ಭಾಷೆಯಲ್ಲಿ ಟ್ರ್ಯಾಕ್ಟರ್ ಗೇರ್‌ಬಾಕ್ಸ್ ಬಿಚ್ಚುತ್ತಿದ್ದಾನೆ. ಮಗ್ಗದ ಮೇಲಿನ ಸೀರೆ ನೋಡಿದೆ. ಹಿಂದಿನ ಸಲ ನಾನು ಬಸ್ಸು ಹತ್ತಿದಾಗ ಎಲ್ಲಿತ್ತೋ ಅಲ್ಲಿಂದ ಒಂದು ಗೇಣೂ ಮುಂದೆ ಹೋಗಿಲ್ಲ.

ಯಾಕಪ್ಪಾ, ಹುಷಾರಿಲ್ವಾ ಅಂದೆ. ಅಪ್ಪ ಮೆಲ್ಲಗೆ ಅನ್ನುವಂತೆ ಕೈ ಮಾಡಿದ.

"ಸುಧಾ ನೋಡ್ತಾವ್ಳೆ. ಇದು ಮುಗೀಲಿ ಅಂತ ಕಾಯ್ತಿದ್ದೀನಿ ಕಣವ್ವ. ಏನು ಮಾಡಿದ್ರೂ ಮುಗಿಯೋದೇ ಇಲ್ಲ ಇದು."

ನಾನು ಅಲ್ಲೇ ನಿಂತುಬಿಟ್ಟೆ. ಅಪ್ಪನಿಗೆ ಗೊತ್ತಿದ್ದ ಟೀವಿ ಮುಗಿಯುತ್ತಿತ್ತು. ಸಿನಿಮಾ ಮುಗಿದರೆ ವಾರ್ತೆ, ವಾರ್ತೆ ಮುಗಿದರೆ ಪರದೆಯ ತುಂಬ ಚುಕ್ಕಿ, ಜನ ಎದ್ದು ಮನೆಗೆ. ಈ ಸ್ಮಾರ್ಟ್ ಟೀವಿಯಲ್ಲಿ ಒಂದು ಮುಗಿಯುವ ಮೊದಲೇ ಇನ್ನೊಂದು ತಂತಾನೇ ಶುರು. ನೋಡುವವರಿಗೆ ತೊಂದರೆ ಆಗಬಾರದು ಅಂತ ಅಪ್ಪ ಲಾಳಿ ಮುಟ್ಟದೆ ಕಾದಿದ್ದಾನೆ. ಬೆಳಿಗ್ಗೆಯಿಂದ ಸಂಜೆಯವರೆಗೆ, ದಿನಾ.

ಅಡುಗೆಮನೆಗೆ ಹೋದೆ. ಸುಧಾ ಟೀವಿಗೆ ಬೆನ್ನು ಹಾಕಿ ರೊಟ್ಟಿ ಬಡಿಯುತ್ತಿದ್ದಳು. ಒಂದು ಕಿವಿಯಲ್ಲಿ ಇಯರ್‌ಫೋನು, ಫೋನಿನ ಆ ಕಡೆ ಅವಳ ತಾಯಿ. ನೀನು ಟೀವಿ ನೋಡ್ತಿದ್ದೀಯಂತಲ್ಲೇ ಅಂದೆ. ಅವಳಿಗೆ ಆಶ್ಚರ್ಯ.

"ನಾನೆಲ್ಲಿ ನೋಡ್ತೀನಿ ಅಕ್ಕಾ? ಮಾವಂಗೆ ಬೇಜಾರಾಗ್ಬಾರ್ದು ಅಂತ ಬೆಳಿಗ್ಗೆ ಎದ್ದು ಹಾಕಿಬಿಡ್ತೀನಿ. ಅವ್ರು ಆ ಕಡೆ ಈ ಕಡೆ ಅಲ್ಲಾಡ್ದೆ ನೋಡ್ತಾರೆ, ಲಾಳಿನೂ ಮುಟ್ಟಲ್ಲ. ಅಷ್ಟು ಇಷ್ಟ ಅವ್ರಿಗೆ."

ಅಷ್ಟರಲ್ಲಿ ಟೀವಿಯ ಸದ್ದು ನಿಂತಿತು. ಸುಧಾ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಓಡಿದಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬಂದು ನಿಂತಿತ್ತು, ನೀವು ಇನ್ನೂ ನೋಡುತ್ತಿದ್ದೀರಾ ಅಂತ. ದಿನಾ ಎಷ್ಟೋ ಸಲ ಬರುತ್ತಂತೆ. ಪ್ರತಿ ಸಲ ಸುಧಾ ಬಂದು, ಮಾವನಿಗಾಗಿ ಹೌದು ಅಂತ ಒತ್ತಿ ಹೋಗುತ್ತಾಳೆ. ಪ್ರತಿ ಸಲ ಅಪ್ಪ, ಇನ್ನೇನು ಮುಗಿಯಿತು ಅಂತ ಲಾಳಿಗೆ ಕೈ ಹಾಕಿದವನು, ಸೊಸೆ ನೋಡುತ್ತಾಳೆ ಪಾಪ ಅಂತ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ.

ನಾನು ರಿಮೋಟ್ ಕಿತ್ತುಕೊಂಡು ಆಫ್ ಮಾಡಿದೆ.

ನೀನು ನೋಡ್ತಿರ್ಲಿಲ್ವೇನವ್ವಾ ಅಂತ ಅಪ್ಪ ಸೊಸೆಯನ್ನು ಕೇಳಿದ. ನೀವು ನೋಡ್ತಿರ್ಲಿಲ್ವಾ ಮಾವ ಅಂತ ಅವಳು ಕೇಳಿದಳು. ಅವಳು ಮೊದಲು ನಕ್ಕಳು. ಅಪ್ಪ ನಗಲಿಲ್ಲ. ಇಷ್ಟು ದಿನ ನೇಯ್ದಿದ್ದರೆ ಸೆರಗಿಗೆ ಬಂದಿರ್ತಿತ್ತು ಅಂತ ಮೆಲ್ಲಗೆ ಅಂದು, ಲಾಳಿ ತೆಗೆದುಕೊಂಡ. ಟಕಾ ಟಕ್. ನಾನು ಅಡುಗೆಮನೆ ಹೊಸ್ತಿಲ ಮೇಲೆ ಕೂತು ಬಹಳ ಹೊತ್ತು ಅದನ್ನೇ ಕೇಳಿದೆ.

ವಾಪಸು ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಅಂತ ಗೊತ್ತಾಗದೆ. ಹರ್ಟ್ಸ್ ಕೇಳಿದೆವು, ಇಂಚು ಕೇಳಿದೆವು, ವಾರಂಟಿ ಕೇಳಿದೆವು. ಒಂದೇ ಸೂರಿನಡಿ ಇರುವ ಮಾವ ಸೊಸೆ ಒಬ್ಬರನ್ನೊಬ್ಬರು ಒಂದು ಮಾತು ಕೇಳಲಿಲ್ಲ. ಆ ಮನೆಯಲ್ಲಿ ದಿನಾ ಕೇಳುತ್ತಿದ್ದದ್ದು ಟೀವಿ ಒಂದೇ.

ನಿಮ್ಮ ಮನೆಯಲ್ಲಿ ಈಗ ಓಡುತ್ತಿದೆಯಲ್ಲ ಟೀವಿ, ಅದನ್ನು ನಿಜವಾಗಿ ನೋಡುತ್ತಿರುವವರು ಯಾರು?